ಗಂಟೆಗೊಂದು ವಿಮಾನ

ನಮ್ಮೂರಿಗೆ ಗಂಟೆಗೊಂದು ಬಸ್ಸು ಬಂದರೆ ಅದನ್ನೇ ನಾವು ಭಾಗ್ಯವೆಂದು ತಿಳಿಯುತ್ತೇವೆ. ಹಾಗಿರುವಾಗ ಗಂಟೆಗೊಂದು ವಿಮಾನ, ಅದೂ ನಾಲ್ಕು ಎಂಜಿನ್ನುಗಳ, ೧೧೦ ಅಡಿ ರೆಕ್ಕೆಯ ಹರವಿನ, ಎಂಟು ಸಾವಿರ ಪೌಂಡು ಬಾಂಬು ಹೊರಬಲ್ಲ ಭಾರಿ ವಿಮಾನ, ಒಂದೇ ಕಾರ್ಖಾನೆಯ ಬಾಗಿಲಿನಿಂದ ಉರುಳಿ ಹೊರಬರುತ್ತಿತ್ತೆಂದು ಓದಿದಾಗ ಆ ಸಾಲನ್ನು ಎರಡು ಸಲ ಓದದೆ ಮುಂದೆ ಹೋಗಲಾಗಲಿಲ್ಲ. ಅಮೆರಿಕದ ಮಿಚಿಗನ್ ಪ್ರಾಂತದ ವಿಲೋ ರನ್ ಎಂಬಲ್ಲಿ, ೧೯೪೪ರಲ್ಲಿ, ಫೋರ್ಡ್ ಕಂಪೆನಿಯವರು ಈ ಕೆಲಸ ಮಾಡಿ ತೋರಿಸಿದರು. ವಿಮಾನದ ಹೆಸರು ಬಿ-೨೪; ಕರೆಯುವ ಹೆಸರು ‘ಲಿಬರೇಟರ್’, ಅಂದರೆ ಬಿಡುಗಡೆ ಮಾಡುವವನು. ಬಾಂಬು ಹಾಕುವ ಯಂತ್ರಕ್ಕೆ ಇಂಥ ಹೆಸರಿಟ್ಟ ಪುಣ್ಯಾತ್ಮರ ವಿಚಾರ ಇರಲಿ, ಕಾರ್ಖಾನೆಯ ವಿಚಾರ ಹೇಳುತ್ತೇನೆ.

ಹೆಣ್ಣುಮಗಳೊಬ್ಬಳು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಾಂಬರ್ ವಿಮಾನದ ಮೇಲೆ ಬರೆಯುತ್ತಾಳೆಂದರೆ ಗೆಳತಿಯರಿಗೆ ನಗೆ. ‘ಸೋಬಾನೆ ಪದದ ಮೇಲೆ ಬರಿ, ಚೆನ್ನಾಗಿರುತ್ತೆ’ ಎಂದು ಒಬ್ಬಳ ಬುದ್ಧಿವಾದ. ಆದರೆ ದೋಷ ನನ್ನದಲ್ಲ, ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರದು. ಶ್ರಮವಿಭಜನೆಯ ಪಾಠ ಮಾಡುವಾಗ ಆಡಂ ಸ್ಮಿತ್ತನ ಗುಂಡುಸೂಜಿಯ ಕಾರ್ಖಾನೆಯಿಂದ ಹೊರಟವರು ವಿಲೋ ರನ್ನಿನವರೆಗೆ ಬಂದು, ಗಂಟೆ ಹೊಡೆದದ್ದರಿಂದ ಅಲ್ಲಿಗೇ ನಿಲ್ಲಿಸಿ, ‘ಉಳಿದದ್ದನ್ನು ಯಾರಾದರೂ ಓದಿಕೊಂಡು ಬಂದು ಹೇಳಿ’ ಎಂದರು. ಅಂಥ ‘ಯಾರಾದರೂ’ ಎಂಬ ಮಾತು ಮುಂದಿನ ಬೆಂಚಿನವರ ಪಾಲಿಗೆ ಬರುವುದು ವಾಡಿಕೆ. ನಾನು ಮುಂದಿನ ಬೆಂಚಿನವಳು.

ವಿಲೋ ರನ್ ಎಂಬುದು ಮೂಲದಲ್ಲಿ ಒಂದು ಸಣ್ಣ ಹಳ್ಳದ ಹೆಸರು. ಇಪ್ಸಿಲ್ಯಾಂಟಿ ಎಂಬ ಪಟ್ಟಣದ ಹತ್ತಿರ, ಡೆಟ್ರಾಯಿಟ್ ನಗರದಿಂದ ಮೂವತ್ತು ಮೈಲಿಯಾಚೆ, ಆ ಹಳ್ಳದ ಮಗ್ಗುಲಿಗೆ ಹೆನ್ರಿ ಫೋರ್ಡನ ಹೊಲಗಳಿದ್ದವು. ೧೯೩೯ರಲ್ಲಿ ಅಲ್ಲಿ ಆತ ಹುಡುಗರಿಗಾಗಿ ಒಂದು ಬೇಸಾಯದ ಶಿಬಿರ ತೆರೆದಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಸತ್ತವರ, ಅಂಗಹೀನರಾದವರ ಮಕ್ಕಳು ಅಲ್ಲಿ ಉತ್ತು ಬಿತ್ತು, ಬೆಳೆದದ್ದನ್ನು ಮಾರಿ ಬದುಕು ಕಲಿಯಬೇಕೆಂಬುದು ಉದ್ದೇಶ. ಯುದ್ಧವೆಂದರೆ ಫೋರ್ಡನಿಗೆ ಆಗುತ್ತಿರಲಿಲ್ಲ. ೧೯೪೦ರಲ್ಲಿ ಇಂಗ್ಲೆಂಡಿಗಾಗಿ ವಿಮಾನದ ಎಂಜಿನ್ನುಗಳನ್ನು ಮಾಡಿಕೊಡಲಾರೆನೆಂದು ಮೊಂಡುಹಿಡಿದವನು ಆತ. ಅದೇ ಫೋರ್ಡನ ಅದೇ ಹೊಲದಲ್ಲಿ ಮರುವರ್ಷವೇ ಮರ ಕಡಿದು ನೆಲ ಸಮಮಾಡಿ ಬಾಂಬರಿನ ಕಾರ್ಖಾನೆಗೆ ಅಡಿಪಾಯ ತೋಡಿದರು. ಒಂದು ಯುದ್ಧದ ಅನಾಥರು ಸೊಪ್ಪು ಸದೆ ಬೆಳೆದ ಮಣ್ಣು ಇನ್ನೊಂದು ಯುದ್ಧಕ್ಕೆ ಹೋಯಿತು. ಇತಿಹಾಸ ಓದುವವರಿಗೆ ಇಂಥ ವಿಚಿತ್ರಗಳು ಆಗಾಗ ಸಿಗುತ್ತವೆ. ಪರೀಕ್ಷೆಯಲ್ಲಿ ಮಾತ್ರ ಇವುಗಳ ಮೇಲೆ ಪ್ರಶ್ನೆ ಬರುವುದಿಲ್ಲ.

ಕಾರ್ಖಾನೆಯ ನಕ್ಷೆ ಹುಟ್ಟಿದ್ದು ಒಂದು ರಾತ್ರಿಯಲ್ಲಿ. ಲಿಬರೇಟರನ್ನು ರೂಪಿಸಿದವರು ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿದ್ದ ಕನ್ಸಾಲಿಡೇಟೆಡ್ ಎಂಬ ಕಂಪೆನಿಯವರು. ೧೯೪೧ರ ಜನವರಿಯಲ್ಲಿ ಫೋರ್ಡ್ ಕಂಪೆನಿಯ ಉತ್ಪಾದನೆಯ ಮುಖ್ಯಸ್ಥ ಚಾರ್ಲ್ಸ್ ಸೋರೆನ್ಸನ್ ಅವರ ಕೆಲಸ ನೋಡಲು ಹೋದ. ಈತ ಡೆನ್ಮಾರ್ಕಿನಲ್ಲಿ ಹುಟ್ಟಿ, ಎರಕದ ಅಚ್ಚು ಕೊರೆಯುವ ಕಸುಬಿನಿಂದ ಮೇಲೆ ಬಂದವನು. ಅಲ್ಲಿ ಕಂಡದ್ದು ಅವನಿಗೆ ಸಹಿಸಲಿಲ್ಲ. ಕೊನೆಯ ಜೋಡಣೆ ಬಯಲಲ್ಲಿ ನಡೆಯುತ್ತಿತ್ತು; ಬಿಸಿಲಿಗೆ ಲೋಹ ಹಿಗ್ಗುತ್ತಿತ್ತು, ತಂಪಿಗೆ ಕುಗ್ಗುತ್ತಿತ್ತು. ಒಂದು ವಿಮಾನಕ್ಕೆ ಹೊಂದಿದ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಅಲ್ಲಿಯ ಕುಶಲಿಗಳು ಉಜ್ಜಿ, ತಟ್ಟಿ, ಬಾಗಿಸಿ ಸರಿಮಾಡಿಕೊಳ್ಳುತ್ತಿದ್ದರು. ದರ್ಜಿ ಒಬ್ಬೊಬ್ಬರ ಅಳತೆ ತೆಗೆದು ಅಂಗಿ ಹೊಲಿಯುವಂತೆ ಅವರ ಕೆಲಸ. ಅವರ ಆಸೆ ದಿನಕ್ಕೊಂದು ವಿಮಾನ. ಸೋರೆನ್ಸನ್ ಹೋಟೆಲಿಗೆ ಹಿಂತಿರುಗಿ, ರಾತ್ರಿಯೆಲ್ಲ ಕುಳಿತು, ವಿಮಾನವನ್ನು ಕಾಗದದ ಮೇಲೆ ತುಂಡುತುಂಡು ಮಾಡಿದ. ಯಾವ ತುಂಡು ಎಲ್ಲಿ ಹುಟ್ಟಬೇಕು, ಎಷ್ಟು ಹೊತ್ತಿನಲ್ಲಿ ಯಾವುದರ ಜೊತೆ ಸೇರಬೇಕು ಎಂದು ಬರೆದಿಟ್ಟು, ಬೆಳಗಾಗುವಾಗ ಗಂಟೆಗೊಂದು ಎಂದು ಲೆಕ್ಕ ಮುಗಿಸಿದ. ವಿಮಾನ ಮಾಡಿ ಅನುಭವವಿದ್ದವರು ನಕ್ಕರು. ಅವರ ನಗು ಸಕಾರಣವಾಗಿತ್ತೆಂಬುದು ಮುಂದೆ ತಿಳಿಯುತ್ತದೆ.

ಕಟ್ಟಡದ ಶಿಲ್ಪಿ ಆಲ್ಬರ್ಟ್ ಕಾನ್. ವಿಸ್ತಾರ ಮೂವತ್ತೈದು ಲಕ್ಷ ಚದರಡಿ. ಲಕ್ಷವೆಂದರೆ ನಮಗೆ ಕಣ್ಣಿಗೆ ಕಟ್ಟುವುದಿಲ್ಲವಾದ್ದರಿಂದ ಎಕರೆಯಲ್ಲಿ ಲೆಕ್ಕ ಹಾಕಿದೆ: ಎಂಬತ್ತು ಎಕರೆ. ನಮ್ಮೂರಿನ ಕೆರೆಯ ಕೆಳಗಿನ ಗದ್ದೆ ಬಯಲಿಗೆಲ್ಲ ಒಂದೇ ಸೂರು ಹೊದಿಸಿದರೆ ಸುಮಾರು ಅಷ್ಟಾದೀತು. ಇಷ್ಟು ದೊಡ್ಡ ಕಟ್ಟಡ ನೆಟ್ಟಗಿರಲಿಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ನೇರವಾಗಿ ಕಟ್ಟಿದ್ದರೆ ಪಕ್ಕದ ಜಿಲ್ಲೆಯ ಗಡಿಯೊಳಕ್ಕೆ ಹೋಗುತ್ತಿತ್ತು. ಅಲ್ಲಿ ತೆರಿಗೆ ಹೆಚ್ಚು. ಅದಕ್ಕಾಗಿ ಕಾರ್ಖಾನೆಯನ್ನು ಮಧ್ಯದಲ್ಲಿ ಮೊಣಕೈಯಂತೆ ಬಗ್ಗಿಸಿದರಂತೆ. ಸಾಲಿನಲ್ಲಿ ಬಂದ ವಿಮಾನಗಳನ್ನು ಆ ತಿರುವಿನಲ್ಲಿ ದೊಡ್ಡ ತಿರುಗುಮಣೆಗಳ ಮೇಲೆ ನಿಲ್ಲಿಸಿ ಕಾಲು ಸುತ್ತು ತಿರುಗಿಸಿ ಮುಂದಕ್ಕೆ ಕಳಿಸಬೇಕಿತ್ತು. ಬದುವಿನ ಮೇಲೆ ಒಂದು ಗೇಣಿಗಾಗಿ ದಾಯಾದಿಗಳು ಜಗಳವಾಡುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಇನ್ನು ನನ್ನ ಮನಸ್ಸು ಹಿಡಿದ ಸಂಗತಿಗೆ ಬರುತ್ತೇನೆ. ಒಂದು ಲಿಬರೇಟರಿಗೆ ಮೂರು ಲಕ್ಷಕ್ಕೂ ಮೀರಿ ರಿವೆಟ್ಟುಗಳು ಬೇಕಾಗಿದ್ದವು. ರಿವೆಟ್ಟೆಂದರೆ ತಲೆಯಿರುವ ಚಿಕ್ಕ ಮೊಳೆ. ಎರಡು ತಗಡುಗಳನ್ನು ತೂತಿನಲ್ಲಿ ಪೋಣಿಸಿ, ಬಾಲವನ್ನು ಜಜ್ಜಿ ಇನ್ನೊಂದು ತಲೆ ಮಾಡಿದರೆ ಎರಡೂ ಒಂದಾಗುತ್ತವೆ. ಈ ಕೆಲಸಕ್ಕೆ ಇಬ್ಬರು ಬೇಕು. ಹೊರಗಡೆ ನಿಂತವಳು ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಯನ್ನು ರಿವೆಟ್ಟಿನ ತಲೆಗೆ ಹಿಡಿದು ಗುಂಡಿ ಒತ್ತುತ್ತಾಳೆ. ಒಳಗಡೆ, ತಗಡಿನ ಹಿಂಬದಿಗೆ, ಇನ್ನೊಬ್ಬಳು ಉಕ್ಕಿನ ಗಟ್ಟಿಯೊಂದನ್ನು ಬಾಲಕ್ಕೆ ಆನಿಸಿ ಬಲವಾಗಿ ಒತ್ತಿ ಹಿಡಿದಿರುತ್ತಾಳೆ. ಹೊರಗಿನ ಏಟಿಗೆ ಒಳಗಿನ ಗಟ್ಟಿ ಎದುರೇಟು ಕೊಟ್ಟಾಗ ಬಾಲ ಚಪ್ಪಟೆಯಾಗುತ್ತದೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ನಡುವೆ ತಗಡು. ಸದ್ದಿನಲ್ಲಿ ಮಾತೂ ಕೇಳದು. ತಟ್ಟಿ ಸನ್ನೆ ಮಾಡಬೇಕು. ಕೆಲವು ಜಾತಿಯ ರಿವೆಟ್ಟುಗಳನ್ನು ಕಾಯಿಸಿ ಹದಮಾಡಿದ ಮೇಲೆ ಬಡಿಯುವವರೆಗೆ ಮಂಜಿನ ಪೆಟ್ಟಿಗೆಯಲ್ಲಿಡಬೇಕಿತ್ತು. ಹೊರಗೆ ಬಿಟ್ಟರೆ ತಾವಾಗಿಯೇ ಗಡುಸಾಗಿ, ಏಟಿಗೆ ಬಗ್ಗದೆ ಬಿರುಕುಬಿಡುತ್ತಿದ್ದವು. ರೆಕ್ಕೆಯ ಒಳಗಿನ ಇಕ್ಕಟ್ಟಿಗೆ ಸಾಮಾನ್ಯ ಮೈಕಟ್ಟಿನವರು ಇಳಿಯುವಂತಿರಲಿಲ್ಲ. ಅಲ್ಲಿಗೆ ತೀರ ಗಿಡ್ಡ ಶರೀರದವರನ್ನು ಹುಡುಕಿ ಕೆಲಸಕ್ಕೆ ತೆಗೆದುಕೊಂಡರು. ಲೋಕವೆಲ್ಲ ನೋಡಿ ನಗುತ್ತಿದ್ದವರನ್ನು ಒಂದು ರೆಕ್ಕೆ ‘ನೀವೇ ಬೇಕು’ ಎಂದು ಕರೆಯಿತು.

ಸೋರೆನ್ಸನ್ನನ ಉಪಾಯದ ತಿರುಳು ಇಷ್ಟೇ. ವಿಮಾನ ಕಟ್ಟುವ ವಿದ್ಯೆಯನ್ನು ಯಾರೂ ಕಲಿಯಬೇಕಾಗಿಲ್ಲ. ಅದನ್ನು ಸಾವಿರಾರು ತುಣುಕು ಮಾಡಿ, ಒಂದೊಂದು ತುಣುಕನ್ನು ಒಬ್ಬೊಬ್ಬರಿಗೆ ಕೆಲವೇ ದಿನಗಳಲ್ಲಿ ಕಲಿಸಿಬಿಟ್ಟರೆ ಸಾಕು. ಕೆಂಟಕಿ, ಟೆನೆಸ್ಸೀ ಮೊದಲಾದ ದಕ್ಷಿಣದ ಗುಡ್ಡಗಾಡಿನಿಂದ ಬಂದ ರೈತರು, ಅಂಗಡಿಯ ಹುಡುಗಿಯರು, ಅಡಿಗೆಮನೆ ಬಿಟ್ಟು ಬೇರೆ ಕೆಲಸ ಮಾಡದ ಗೃಹಿಣಿಯರು, ಹಲವರು ವಿಮಾನವನ್ನು ಹತ್ತಿರದಿಂದ ನೋಡಿಯೂ ಇರದವರು. ೧೯೪೩ರ ನಡುವಿನಲ್ಲಿ ಅಲ್ಲಿ ನಲವತ್ತೆರಡು ಸಾವಿರ ಜನ ದುಡಿಯುತ್ತಿದ್ದರು. ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಹೆಂಗಸರು.

ನನಗೆ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ನನ್ನ ಅವ್ವ ಹದಿನಾಲ್ಕು ವರ್ಷದಿಂದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಯಾವ ಕಾರ್ಖಾನೆ ಎಂಬುದು ಇಲ್ಲಿ ಬೇಡ. ಅವಳು ಅಂಗಿಗೆ ಜೇಬು ಕೂರಿಸುವವಳು. ಅವಳ ಹಿಂದಿನವಳು ಜೇಬಿನ ಅಂಚು ಮಡಿಸುತ್ತಾಳೆ, ಮುಂದಿನವಳು ಭುಜ ಸೇರಿಸುತ್ತಾಳೆ. ಲೈನಿನ ತುದಿಯಲ್ಲಿ ಒಂದು ಬೋರ್ಡು. ಅದರ ಮೇಲೆ ಗಂಟೆಗಂಟೆಗೂ ಟಾರ್ಗೆಟ್ಟು ಎಷ್ಟು, ಆದದ್ದೆಷ್ಟು ಎಂದು ಬರೆಯುತ್ತಾರೆ. ಗಂಟೆಗೆ ನೂರು ಪೀಸು ಎಂದಿದ್ದರೆ ತೊಂಬತ್ತೆರಡಾದಾಗ ಸೂಪರ್‌ವೈಸರು ಬಂದು ನಿಲ್ಲುತ್ತಾನೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ಅವ್ವ ಬಾಟಲಿಯ ನೀರನ್ನು ಹಾಗೆಯೇ ಮನೆಗೆ ತಂದು ಗಿಡಕ್ಕೆ ಹಾಕುತ್ತಾಳೆ. ಲಕ್ಷಗಟ್ಟಲೆ ಜೇಬು ಹೊಲಿದವಳು ಅಲ್ಲಿ ಇದುವರೆಗೆ ಒಂದು ಇಡೀ ಅಂಗಿಯನ್ನು ಹೊಲಿದಿಲ್ಲ. ಆದರೆ ಆ ಜೇಬುಗಳ ದುಡ್ಡಿನಿಂದಲೇ ನನ್ನ ಫೀಸು, ಪುಸ್ತಕ, ಬಸ್ ಪಾಸು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ಕೆಲಸವನ್ನು ತುಣುಕು ಮಾಡುವ ಈ ವಿದ್ಯೆಯನ್ನು ಒಂದೇ ಮಾತಿನಲ್ಲಿ ಬೈಯುವ ಹಕ್ಕು ನನಗಿಲ್ಲ. ಅದನ್ನು ಹೊಗಳುವ ಪುಸ್ತಕಗಳನ್ನು ಓದುವಾಗಲೂ ಬೋರ್ಡಿನ ನೆನಪು ಬಿಡುವುದಿಲ್ಲ.

ಕಾರ್ಖಾನೆಯ ಕಥೆಗೆ ಮರಳೋಣ. ೧೯೪೨ರ ಸೆಪ್ಟೆಂಬರಿನಲ್ಲಿ ಮೊದಲ ವಿಮಾನ ಸಾಲಿನಿಂದ ಹೊರಬಂತು. ಅದೇ ತಿಂಗಳು ಅಧ್ಯಕ್ಷ ರೂಸ್‌ವೆಲ್ಟರು ಬಂದು ನೋಡಿಹೋದರು. ಪತ್ರಿಕೆಗಳು ಆಗಲೇ ಜಯಭೇರಿ ಬಾರಿಸಿದ್ದವು. ಆದರೆ ಆ ವರ್ಷ ಮುಗಿಯುವಾಗ ಹೊರಬಿದ್ದ ವಿಮಾನಗಳು ನೂರು ಕೂಡ ಇರಲಿಲ್ಲ. ಗಂಟೆಗೊಂದು ಎಂದವರು ದಿನಕ್ಕೊಂದನ್ನೂ ಕೊಡಲಾರದೆ ಹೋದರು. ‘ವಿಲ್ ಇಟ್ ರನ್’, ಅಂದರೆ ‘ಇದು ಓಡೀತೇ’ ಎಂದು ಹೆಸರನ್ನೇ ತಿರುಚಿ ಜನ ಹಾಸ್ಯ ಮಾಡಿದರು. ಸೆನೆಟರ್ ಟ್ರೂಮನ್ ಅವರ ಸಮಿತಿ ವಿಚಾರಣೆಗೆ ಬಂತು.

ತಪ್ಪಿದ್ದೆಲ್ಲಿ? ಒಂದು ಕಾರಣ ಅಚ್ಚುಗಳು. ತಗಡನ್ನು ಒತ್ತಿ ಆಕಾರ ಕೊಡಲು ವಿಮಾನದವರು ಮೆತ್ತನೆಯ ಲೋಹದ ಅಚ್ಚುಗಳನ್ನು ಬಳಸುತ್ತಿದ್ದರು. ಬೇಗ ಮಾಡಬಹುದು, ಬೇಡವಾದರೆ ಕರಗಿಸಬಹುದು. ಫೋರ್ಡಿನವರು ಮೋಟಾರು ಕಾರಿನ ಅಭ್ಯಾಸದಂತೆ ಗಟ್ಟಿ ಉಕ್ಕಿನ ಅಚ್ಚುಗಳೇ ಬೇಕೆಂದರು. ಅವು ಲಕ್ಷ ತಗಡು ಒತ್ತಿದರೂ ಸವೆಯವು, ಆದರೆ ಮಾಡಲು ತಿಂಗಳುಗಟ್ಟಲೆ ಬೇಕು. ಕಾರಿನ ಮಾದರಿ ವರ್ಷಕ್ಕೊಮ್ಮೆ ಬದಲಾದೀತು. ಯುದ್ಧದ ವಿಮಾನ ಹಾಗಲ್ಲ. ಎಲ್ಲೋ ಆಫ್ರಿಕದ ಮೇಲೆ, ಜರ್ಮನಿಯ ಮೇಲೆ ಒಂದು ವಿಮಾನ ಬಿತ್ತೆಂದರೆ, ಇಲ್ಲಿ ಒಂದು ಕೋವಿ ಬೇಕು, ಅಲ್ಲಿ ತಗಡು ದಪ್ಪವಾಗಬೇಕು ಎಂದು ಸೈನ್ಯದವರ ಕಾಗದ ಬರುತ್ತಿತ್ತು. ಒಂದೊಂದು ಕಾಗದಕ್ಕೂ ಒಂದಿಷ್ಟು ಉಕ್ಕಿನ ಅಚ್ಚು ಗುಜರಿಗೆ. ಮೊದಲಿಗೆ ನಕ್ಕಿದ್ದ ಅನುಭವಸ್ಥರು ಹೇಳಿದ್ದೂ ಇದನ್ನೇ. ಕೊನೆಗೆ, ತಿದ್ದುಪಾಟುಗಳನ್ನು ಕೂಡಿಟ್ಟು ಇಷ್ಟು ವಿಮಾನಗಳಾದ ಮೇಲೆ ಒಟ್ಟಿಗೆ ಮಾಡುವುದು, ಅವಸರದವನ್ನು ಬೇರೆ ಊರಿನ ತಿದ್ದುವ ಕೇಂದ್ರಗಳಿಗೆ ಬಿಡುವುದು ಎಂಬ ರಾಜಿಯಾಯಿತು.

ಇನ್ನೊಂದು ಕಾರಣ ಜನ. ಎಂಬತ್ತು ಎಕರೆ ಕಾರ್ಖಾನೆಗೆ ನಕ್ಷೆ ಬರೆದವರು ದುಡಿಯುವವರು ರಾತ್ರಿ ಎಲ್ಲಿ ಮಲಗಬೇಕೆಂದು ಬರೆದಿರಲಿಲ್ಲ. ಡೆಟ್ರಾಯಿಟ್ಟಿನಿಂದ ದಿನವೂ ಬಂದುಹೋಗೋಣವೆಂದರೆ ಪೆಟ್ರೋಲಿಗೂ ಟೈರಿಗೂ ಪಡಿತರ. ಇಪ್ಸಿಲ್ಯಾಂಟಿಯಂಥ ಸಣ್ಣ ಪಟ್ಟಣ ಈ ಸಾವಿರಾರು ಮಂದಿಯನ್ನು ಹೇಗೆ ತಡೆದೀತು? ಜನ ಗುಡಾರಗಳಲ್ಲಿದ್ದರು, ಕಾರಿನ ಹಿಂದೆ ಎಳೆಯುವ ಗಾಡಿಮನೆಗಳಲ್ಲಿದ್ದರು. ಒಂದೇ ಮಂಚವನ್ನು ಪಾಳಿಯ ಮೇಲೆ ಬಾಡಿಗೆಗೆ ಕೊಡುವವರಿದ್ದರು: ರಾತ್ರಿಪಾಳಿಯವನು ಏಳುವ ಹೊತ್ತಿಗೆ ಹಗಲುಪಾಳಿಯವನು ಬಂದು ಮಲಗುವುದು. ಸ್ಥಳೀಯರು ದಕ್ಷಿಣದಿಂದ ಬಂದವರನ್ನು ಅಣಕಿಸಿ, ಕೆಂಟಕಿಯ ಹೆಸರನ್ನು ಸೇರಿಸಿ ತಮ್ಮ ಊರನ್ನು ‘ಇಪ್ಸಿಟಕಿ’ ಎಂದು ಕರೆದರು. ಇಂಥ ಬಾಳಿಗೆ ಬೇಸತ್ತು ಸೇರಿದಷ್ಟೇ ಬೇಗ ಬಿಟ್ಟುಹೋಗುವವರು ಬಹಳ. ಉಳಿದ ಗಂಡಸರನ್ನು ಸೈನ್ಯ ಕರೆದೊಯ್ಯುತ್ತಿತ್ತು. ಸರ್ಕಾರ ಕಡೆಗೆ ವಸತಿಗೃಹಗಳನ್ನು ಕಟ್ಟಿಸಿತು. ಆ ಹೊತ್ತಿಗೆ ಯುದ್ಧ ಅರ್ಧ ಕಳೆದಿತ್ತು. ಫೋರ್ಡನ ಮಗ, ಕಂಪೆನಿಯ ಅಧ್ಯಕ್ಷ ಎಡ್ಸೆಲ್, ೧೯೪೩ರ ಮೇ ತಿಂಗಳಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡ. ಕಾರ್ಖಾನೆ ಮಾತು ಉಳಿಸಿಕೊಂಡದ್ದನ್ನು ಅವನು ನೋಡಲಿಲ್ಲ.

ಮಾತು ಉಳಿಸಿಕೊಂಡದ್ದಂತೂ ನಿಜ. ೧೯೪೪ರಲ್ಲಿ ತಿಂಗಳಿಗೆ ನಾನೂರಕ್ಕೂ ಮೀರಿ ವಿಮಾನಗಳು ಹೊರಬಂದವು. ಸರಾಸರಿ ಅರವತ್ತಮೂರು ನಿಮಿಷಕ್ಕೊಂದು ಎಂದು ಲೆಕ್ಕ. ಈ ಗಂಟೆ ದುಡಿಮೆಯ ಗಂಟೆ ಎಂಬುದನ್ನು ವಾಚಕರು ಗಮನಿಸಬೇಕು: ಒಂಬತ್ತು ಗಂಟೆಯ ಎರಡು ಪಾಳಿ, ದಿನಕ್ಕೆ ಹದಿನೆಂಟು ಗಂಟೆ. ಒಟ್ಟು ೮,೬೮೫ ಲಿಬರೇಟರುಗಳನ್ನು ಫೋರ್ಡಿನವರು ಕೊಟ್ಟರು. ಅವುಗಳಲ್ಲಿ ೧,೮೯೩ ಬಿಡಿಭಾಗಗಳ ರೂಪದಲ್ಲಿ ಬೇರೆ ಕಾರ್ಖಾನೆಗಳಿಗೆ ಹೋಗಿ ಅಲ್ಲಿ ಜೋಡಣೆಯಾದವು. ಅಮೆರಿಕದಲ್ಲಿ ಹುಟ್ಟಿದ ಲಿಬರೇಟರುಗಳ ಸಂಖ್ಯೆಯೆಲ್ಲ ಸೇರಿ ಹದಿನೆಂಟು ಸಾವಿರಕ್ಕೂ ಮೇಲೆ. ಹೆಚ್ಚುಕಡಿಮೆ ಅರ್ಧ ಈ ಹಳ್ಳದ ದಡದ್ದೇ.

ಸಂಖ್ಯೆಗೆ ಚಪ್ಪಾಳೆ ತಟ್ಟಿ ಅಲ್ಲಿಗೇ ಮುಗಿಸುವ ಲೇಖನಗಳೇ ಹೆಚ್ಚು. ಹಾರಿಹೋದ ಮೇಲೆ ಏನಾಯಿತು? ೧೯೪೩ರ ಆಗಸ್ಟ್ ೧ರಂದು ರುಮೇನಿಯದ ಪ್ಲೊಯೆಷ್ಟಿಯ ಎಣ್ಣೆ ಶುದ್ಧಿಯ ಕಾರ್ಖಾನೆಗಳ ಮೇಲೆ ೧೭೭ ಲಿಬರೇಟರುಗಳು ದಾಳಿಗೆ ಹೊರಟವು, ೫೪ ನಾಶವಾದವು. ಒಂದೇ ಮಧ್ಯಾಹ್ನ. ನಮ್ಮ ಕಡೆಗೂ ಇವು ಬಂದಿದ್ದವು. ಬಂಗಾಳದ ನೆಲೆಗಳಿಂದ ಹಾರಿ ಬರ್ಮಾದ ಮೇಲೆ, ಥಾಯ್ಲೆಂಡ್–ಬರ್ಮಾ ರೈಲುದಾರಿಯ ಸೇತುವೆಗಳ ಮೇಲೆ ಬಾಂಬು ಹಾಕುತ್ತಿದ್ದವು. ಆ ದಾರಿಯನ್ನು ಜಪಾನೀಯರು ಯುದ್ಧಕೈದಿಗಳಿಂದಲೂ, ಮಲಯದ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳಿಂದಲೂ ಕಟ್ಟಿಸಿದ್ದರು. ಸೇತುವೆಗೆ ಗುರಿಯಿಟ್ಟ ಬಾಂಬುಗಳು ಪಕ್ಕದ ಶಿಬಿರಗಳಲ್ಲಿದ್ದ ಕೈದಿಗಳನ್ನೂ ಕೊಂದವು. ಬಿಡುಗಡೆ ಮಾಡುವವನೆಂಬ ಹೆಸರಿನ ವಿಮಾನ ಸೆರೆಯಾಳುಗಳ ಮೇಲೆಯೇ! ಹಿಟ್ಲರನ ಕಾಲದಲ್ಲಿ ಈ ವಿಮಾನಗಳು ಬೇಡವಾಗಿದ್ದವೆಂದು ನಾನು ಹೇಳುವುದಿಲ್ಲ. ಬೇಕಾಗಿದ್ದವು. ಆದರೆ ತಗಡಿನ ಒಳಗಡೆ ಗಟ್ಟಿ ಹಿಡಿದು ನಿಂತಿದ್ದವಳಿಗೆ ಹೊರಗಡೆ ಏಟು ಕೊಡುತ್ತಿದ್ದವಳೇ ಕಾಣುತ್ತಿರಲಿಲ್ಲ. ಹತ್ತು ಸಾವಿರ ಮೈಲಿಯಾಚೆ ಬಿದ್ದವರು ಎಲ್ಲಿಂದ ಕಾಣಬೇಕು?

ಇದನ್ನೆಲ್ಲ ಒಂದು ಭಾನುವಾರ ಅವ್ವನಿಗೆ ಹೇಳಿದೆ. ಅವರೆಕಾಳು ಹಿದುಕುತ್ತ ಕೇಳಿದಳು. ರಿವೆಟ್ಟಿನ ಭಾಗ ಬಂದಾಗ ‘ಅದು ಇಬ್ಬರ ಕೆಲಸ ಕಣೆ, ಒಬ್ಬಳು ನಿಧಾನ ಆದ್ರೆ ಇನ್ನೊಬ್ಬಳಿಗೂ ಬೈಗುಳ’ ಎಂದಳು. ಸಾವಿರ, ಲಕ್ಷಗಳು ಅವಳಿಗೆ ಬೇಕಿರಲಿಲ್ಲ. ಕೊನೆಯಲ್ಲಿ ಕೇಳಿದ್ದು ಒಂದೇ: ‘ಯುದ್ಧ ಮುಗುದ್ ಮೇಲೆ ಆ ಹೆಂಗಸರಿಗೆ ಏನ್ ಕೆಲಸ ಕೊಟ್ರು?’

ಇದಕ್ಕೆ ಉತ್ತರ ಹುಡುಕಲು ನಾನು ಮತ್ತೆ ಗ್ರಂಥಾಲಯಕ್ಕೆ ಹೋಗಬೇಕಾಯಿತು. ೧೯೪೫ರ ಜೂನ್ ೨೮ರಂದು ಕೊನೆಯ ಲಿಬರೇಟರ್ ಹೊರಬಂತು. ಅದರ ಮೂತಿಯ ಮೇಲೆ ಹೆನ್ರಿ ಫೋರ್ಡನ ಹೆಸರು ಬರೆಯಲಾಗಿತ್ತು. ಮುದುಕ ತನ್ನ ಹೆಸರನ್ನು ಅಳಿಸಿರೆಂದನಂತೆ. ಆ ಜಾಗದಲ್ಲಿ ಕೆಲಸಗಾರರು ತಮ್ಮತಮ್ಮ ಹೆಸರುಗಳನ್ನು ಬರೆದರು. ಈ ಒಂದು ಕಾರ್ಯಕ್ಕಾಗಿ ಫೋರ್ಡನ ಮೇಲೆ ನನಗೆ ಕೊಂಚ ಗೌರವ. ಹೆಸರು ಬರೆದವರಿಗೆ ಸಾಲಿನಲ್ಲಿ ಮುಂದೆ ಕೆಲಸವಿರಲಿಲ್ಲ. ಕಾರ್ಖಾನೆ ಬೇರೆಯವರ ಪಾಲಾಗಿ ಕಾರುಗಳನ್ನೂ, ಆಮೇಲೆ ಕಾರಿನ ಗೇರುಪೆಟ್ಟಿಗೆಗಳನ್ನೂ ಮಾಡಿತು. ೨೦೧೦ರಲ್ಲಿ ಬಾಗಿಲು ಹಾಕಿತು. ಕೆಲವು ವರ್ಷಗಳಲ್ಲಿ ಬಹುಭಾಗವನ್ನು ಕೆಡವಿದರು. ಒಂದು ಮೂಲೆಯನ್ನು ಮಾತ್ರ ವಿಮಾನ ಸಂಗ್ರಹಾಲಯದವರು ಉಳಿಸಿಕೊಂಡಿದ್ದಾರೆ.

ಅಲ್ಲಿ ದುಡಿದವರಲ್ಲಿ ಲೋಕಕ್ಕೆ ಹೆಸರು ತಿಳಿದವಳು ರೋಸ್ ವಿಲ್ ಮನ್ರೋ. ಕೆಂಟಕಿಯವಳು, ಗಂಡ ಸತ್ತಮೇಲೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದು ವಿಲೋ ರನ್ನಿನಲ್ಲಿ ರಿವೆಟ್ ಹೊಡೆದಳು. ಯುದ್ಧಸಾಲದ ಪ್ರಚಾರಚಿತ್ರದಲ್ಲಿ ಅವಳನ್ನು ತೋರಿಸಿದರು. ಅವಳಿಗೆ ವಿಮಾನ ಹಾರಿಸುವುದನ್ನು ಕಲಿಯುವ ಆಸೆ. ಮಕ್ಕಳನ್ನು ಒಬ್ಬಳೇ ಸಾಕುವ ತಾಯಿಯೆಂದು ಆಗ ಆರಿಸಲಿಲ್ಲ. ಯುದ್ಧ ಮುಗಿದ ಮೇಲೆ ಟ್ಯಾಕ್ಸಿ ಓಡಿಸಿದಳು, ಕೇಶಾಲಂಕಾರದ ಅಂಗಡಿ ಇಟ್ಟಳು, ಮನೆ ಕಟ್ಟಿಸುವ ಗುತ್ತಿಗೆ ಹಿಡಿದಳು. ಐವತ್ತು ದಾಟಿದ ಮೇಲೆ ಸ್ವಂತ ದುಡ್ಡಿನಿಂದ ಹಾರಾಟ ಕಲಿತಳು. ಅವ್ವನಿಗೆ ಇದನ್ನು ಹೇಳಿದಾಗ ತುಂಬ ಹೊತ್ತು ನಕ್ಕಳು. ಸಂತೋಷದ ನಗೆ.

ಅವ್ವ ಆ ಪ್ರಶ್ನೆ ಕೇಳಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅವಳ ಬ್ಯಾಗಿನಲ್ಲಿ ಒಂದು ಅರ್ಜಿಯ ನಮೂನೆ ಇತ್ತು. ಡಿಗ್ರಿ ಆದವರನ್ನು ಲೈನಿನ ಸೂಪರ್‌ವೈಸರಾಗಿ ತೆಗೆದುಕೊಳ್ಳುತ್ತಾರಂತೆ. ಸಂಬಳ ಅವಳದಕ್ಕಿಂತ ಹೆಚ್ಚು. ‘ಮಿಷಿನ್ ಮುಂದೆ ಕೂರೋ ಹಂಗಿಲ್ಲ, ನಿಂತ್ಕಂಡು ಬೋರ್ಡ್ ಬರೆಯೋದು’ ಎಂದಳು. ಅವಳ ದೃಷ್ಟಿಯಲ್ಲಿ ಅದು ನನ್ನ ಓದಿಗೆ ಬಂದ ಫಲ. ಬೋರ್ಡಿನ ಈಚೆಗೆ ಕುಳಿತವಳು ಮಗಳನ್ನು ಆಚೆಗೆ ದಾಟಿಸಬೇಕೆಂದು ಹದಿನಾಲ್ಕು ವರ್ಷ ಜೇಬು ಹೊಲಿದಿದ್ದಾಳೆ. ಸೋರೆನ್ಸನ್ ಬೆಳಗಿನವರೆಗೆ ಕುಳಿತು ಬರೆದ ಲೆಕ್ಕವನ್ನು ನಾನು ಮೊದಲು ಓದಿದ್ದು ಮೆಚ್ಚುಗೆಯಿಂದಲೇ. ಈಗ ಆ ಸೀಸದಕಡ್ಡಿ ನನ್ನ ಕೈಗೆ ಬರುತ್ತಿದೆ. ತೊಂಬತ್ತೆರಡಾದಾಗ ಯಾರ ಹಿಂದೆ ಹೋಗಿ ನಿಲ್ಲಬೇಕೆಂಬುದೂ ನನಗೆ ಗೊತ್ತು. ಅರ್ಜಿ ತುಂಬಲು ಮಾರ್ಚಿಯವರೆಗೆ ಕಾಲವಿದೆ.

ಅರ್ಜಿ ಮೇಜಿನ ಮೇಲಿರುವಾಗಲೇ ಲಿಬರೇಟರಿನ ಇನ್ನೊಂದು ಕಥೆ ಸಿಕ್ಕಿತು. ಇದು ನಮ್ಮ ಬೆಂಗಳೂರಿನದು. ಯುದ್ಧ ಮುಗಿದಾಗ ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಬ್ರಿಟಿಷ್ ವಾಯುಸೇನೆಯ ಲಿಬರೇಟರುಗಳು ಸಾಲುಸಾಲಾಗಿ ಬಿದ್ದಿದ್ದವು. ಅಮೆರಿಕದಿಂದ ಎರವಲಾಗಿ ಬಂದ ವಿಮಾನಗಳು. ಕರಾರಿನ ಪ್ರಕಾರ ಹಿಂತಿರುಗಿಸಬೇಕು, ಇಲ್ಲವೇ ಕೆಡಿಸಬೇಕು. ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳಿರಲಿಲ್ಲ. ಕೊಳ್ಳಲು ಹಣವೂ ಸುಲಭವಾಗಿರಲಿಲ್ಲ. ಆ ಗುಜರಿಯನ್ನೇ ಎಬ್ಬಿಸಬಹುದೇ ಎಂಬ ಪ್ರಶ್ನೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂತು. ೧೯೪೦ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದ ವಿಮಾನಗಳನ್ನು ಅಲ್ಲಿ ರಿಪೇರಿ ಮಾಡುತ್ತಿದ್ದರು. ಹೀಗಾಗಿ ಕೈಗಳು ಪಳಗಿದ್ದವು.

ಕಾನ್ಪುರದಲ್ಲಿ ಒಂದಕ್ಕೊಂದರ ಭಾಗ ಕೂಡಿಸಿ, ಹೇಗೋ ನೆಲ ಬಿಡುವಷ್ಟು ಸರಿಮಾಡುವುದು. ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿಯವರು ಕೆಲವೇ ಸಂಗಡಿಗರೊಡನೆ ಅದನ್ನು ಬೆಂಗಳೂರಿಗೆ ಹಾರಿಸಿ ತರುವುದು. ಮತ್ತೆ ಹೋಗಿ ಇನ್ನೊಂದನ್ನು ತರುವುದು. ಹೀಗೆ ಸುಮಾರು ನಲವತ್ತು. ಅರ್ಧಂಬರ್ಧ ದುರಸ್ತಿಯಾದ ನಾಲ್ಕು ಎಂಜಿನ್ನಿನ ವಿಮಾನದಲ್ಲಿ ಸಾವಿರ ಮೈಲಿ! ಧೈರ್ಯವೆನ್ನಿ, ಹುಚ್ಚೆನ್ನಿ. ಬೆಂಗಳೂರಿನಲ್ಲಿ ಬಿಚ್ಚಿ, ತೊಳೆದು, ಮತ್ತೆ ಕಟ್ಟಿದರು. ೧೯೪೮ರ ನವೆಂಬರಿನಲ್ಲಿ ಮೊದಲ ವಿಮಾನಗಳು ವಾಯುಸೇನೆಯ ಐದನೆಯ ಸ್ಕ್ವಾಡ್ರನ್ನಿಗೆ ಹೋದವು.

ಇಲ್ಲಿ ಗಂಟೆಯ ಲೆಕ್ಕವಿರಲಿಲ್ಲ. ಇರುವಂತೆಯೂ ಇರಲಿಲ್ಲ, ಒಂದೊಂದು ವಿಮಾನವೂ ಒಂದೊಂದು ಬಗೆಯಾಗಿ ಕೆಟ್ಟಿತ್ತು. ಒಂದರ ರೆಕ್ಕೆ ಹೋಗಿದ್ದರೆ ಇನ್ನೊಂದರ ಎಂಜಿನ್ನು. ಒಂದು ತುಣುಕು ಮಾತ್ರ ಬಲ್ಲವನು ಅಲ್ಲಿ ಏನು ಮಾಡಿಯಾನು? ಯಾವುದು ಯಾವುದಕ್ಕೆ ಸೇರುತ್ತದೆ, ಯಾಕೆ ಸೇರುತ್ತದೆ ಎಂದು ತಿಳಿದೇ ಕೈಯಿಡಬೇಕಿತ್ತು. ಅದೇ ಕಾರ್ಖಾನೆ ೧೯೫೧ರ ಆಗಸ್ಟಿನಲ್ಲಿ ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-೨ ಎಂಬ ತರಬೇತಿ ವಿಮಾನವನ್ನು ಹಾರಿಸಿತು. ಪೂರ್ತಿಯಾಗಿ ನಮ್ಮಲ್ಲೇ ರೂಪುಗೊಂಡದ್ದು.

ಗಂಟೆಗೊಂದರಂತೆ ಹುಟ್ಟಿದ ಸಾವಿರಾರ ಗತಿ ಬೇರೆಯಾಯಿತು. ಯುದ್ಧ ಮುಗಿಯುತ್ತಲೇ ಅಮೆರಿಕದಲ್ಲಿ ಲಿಬರೇಟರುಗಳನ್ನು ಮರುಭೂಮಿಗೆ ಒಯ್ದು ಕತ್ತರಿಸಿ, ಕರಗಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು. ಭಾರತದವು ೧೯೬೮ರವರೆಗೆ ಹಾರಿದವು. ಅವು ನಿವೃತ್ತಿಯಾಗುವ ಹೊತ್ತಿಗೆ ಬೇರೆ ದೇಶಗಳಲ್ಲಿ ಸಂಗ್ರಹಾಲಯಕ್ಕಿಡಲೂ ಒಂದು ಸರಿಯಾದ ಲಿಬರೇಟರ್ ಸಿಗುವುದು ಕಷ್ಟವಾಗಿತ್ತು. ಬ್ರಿಟನ್ನಿನವರು ಕೇಳಿದರು, ಕೆನಡದವರು ಕೇಳಿದರು, ಕೊಟ್ಟೆವು. ಅಮೆರಿಕದವರೂ ಕೇಳಿದರು. ೧೯೬೯ರಲ್ಲಿ ಒಂದು ಲಿಬರೇಟರ್ ಭಾರತದಿಂದ ಹಾರಿಕೊಂಡೇ ಹೋಗಿ ಅರಿಜೋನಾದ ಟಕ್ಸನ್ ಊರಿನ ಮರುಭೂಮಿಯಲ್ಲಿಳಿಯಿತು. ಅಲ್ಲಿಯ ಪೀಮಾ ಸಂಗ್ರಹಾಲಯದಲ್ಲಿ ಅದು ಇಂದಿಗೂ ಇದೆ.